ಯಕೃತ್ತಿನೊಳಗೆ ಪಿತ್ತದ ಜೊತೆ ಪಯಣ

ಅಲ್ಟ್ರಾಸೌಂಡ್ ಯಕೃತ್ತಿನ ಗಾತ್ರ ತೋರಿಸುತ್ತದೆ, ಅದರಲ್ಲಿನ ಗಡ್ಡೆ ತೋರಿಸುತ್ತದೆ. ಆದರೆ ಅದರ ಯಾವ ಭಾಗ ದುಡಿಯುತ್ತಿದೆ, ಯಾವ ಭಾಗ ಸುಮ್ಮನಿದೆ ಎಂದು ಹೇಳುವುದಿಲ್ಲ. ಅದನ್ನು ತಿಳಿಯಲು ವಿಜ್ಞಾನಿಗಳು ಪಿತ್ತಾಮ್ಲದ ಮೊರೆ ಹೋದರು.

ಎಣ್ಣೆ, ತುಪ್ಪ ಜೀರ್ಣವಾಗಲು ಬೇಕಾದ ಪಿತ್ತಾಮ್ಲವನ್ನು ಯಕೃತ್ತು ಕೊಲೆಸ್ಟೆರಾಲಿನಿಂದ ತಯಾರಿಸಿ, ಅದಕ್ಕೆ ಗ್ಲೈಸೀನನ್ನೋ ಟಾರೀನನ್ನೋ ಜೋಡಿಸಿ ಕರುಳಿಗೆ ಕಳಿಸುತ್ತದೆ. ಬಳಸಿದ್ದನ್ನು ದೇಹ ಬಿಸಾಡುವುದಿಲ್ಲ. ಸಣ್ಣ ಕರುಳಿನ ಕೊನೆಯ ಭಾಗ ಶೇ. 95ರಷ್ಟನ್ನು ಹೀರಿಕೊಂಡು ರಕ್ತದ ಮೂಲಕ ಯಕೃತ್ತಿಗೇ ಮರಳಿಸುತ್ತದೆ. ಹೀಗೆ ಕೆಲವೇ ಗ್ರಾಂ ಪಿತ್ತಾಮ್ಲ ದಿನಕ್ಕೆ ಹಲವು ಸುತ್ತು ಹಾಕುತ್ತದೆ. ಮರಳಿ ಬಂದದ್ದನ್ನು ಒಳಗೆ ಬಿಟ್ಟುಕೊಳ್ಳುವುದು ಯಕೃತ್ತಿನ ಕೋಶಗಳ ಮೇಲಿರುವ ಎನ್‌ಟಿಸಿಪಿ ಎಂಬ ಪ್ರೋಟೀನು. ಹೆಪಟೈಟಿಸ್ ಬಿ ವೈರಸ್ ನುಸುಳುವುದೂ ಇದೇ ಬಾಗಿಲಿನಿಂದ ಎಂದು 2012ರಲ್ಲಿ ಗೊತ್ತಾಯಿತು.

ದಿಬ್ಬಣದ ಜೊತೆ ಬಂದವರನ್ನು ಮದುವೆಮನೆಯಲ್ಲಿ ಯಾರೂ ತಡೆಯುವುದಿಲ್ಲ. ಕ್ಯಾಮೆರಾಕ್ಕೆ ಕಾಣುವ ವಸ್ತುವನ್ನು ಪಿತ್ತಾಮ್ಲಕ್ಕೆ ಅಂಟಿಸಿದರೆ ಅದೂ ಒಳಗೆ ಹೋಗಬೇಕಲ್ಲ? ಹೊಳೆಯುವ ಫ್ಲೋರೆಸೀನನ್ನು ಹೀಗೆ ಅಂಟಿಸಿದಾಗ ಯಕೃತ್ತಿನ ಕೋಶಗಳು ಅದನ್ನು ಹೀರಿ ಪಿತ್ತನಾಳಕ್ಕೆ ಸಾಗಿಸಿದವು. ವಿಕಿರಣ ಸೂಸುವ ಸೆಲೆನಿಯಂ-75 ಹೊತ್ತ ಪಿತ್ತಾಮ್ಲದ ಕ್ಯಾಪ್ಸೂಲನ್ನು ಯುರೋಪಿನ ಆಸ್ಪತ್ರೆಗಳಲ್ಲಿ ನುಂಗಿಸುತ್ತಾರೆ. 7 ದಿನಗಳ ನಂತರ ಮೈಯಲ್ಲಿ ಉಳಿದದ್ದು ತೀರ ಕಡಿಮೆಯಾದರೆ, ಕರುಳು ಪಿತ್ತಾಮ್ಲವನ್ನು ಸರಿಯಾಗಿ ಮರಳಿಸುತ್ತಿಲ್ಲ ಎಂದರ್ಥ.

ಎಂಆರ್‌ಐಗೆ ಬೇಕಾದ ಗ್ಯಾಡೊಲಿನಿಯಂ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಈ ಲೋಹ ಬಿಡಿಯಾಗಿ ದೇಹ ಸೇರಿದರೆ ವಿಷ; ಅದನ್ನು ಹಿಡಿದಿಡಲು ಇನ್ನೊಂದು ದೊಡ್ಡ ಅಣು ಬೇಕು. ಇಷ್ಟು ಭಾರ ಹೊತ್ತ ಪಿತ್ತಾಮ್ಲದ ಗುರುತು ಬಾಗಿಲಿಗೆ ಸಿಗಬೇಕಾದರೆ, ಹೊರೆಯನ್ನು ಅಣುವಿನ ಯಾವ ತುದಿಗೆ ಕಟ್ಟಬೇಕೆಂಬುದೇ ದೊಡ್ಡ ಪ್ರಶ್ನೆ. ಇಟಲಿಯ ಬ್ರಾಕೊ ಕಂಪನಿ ರೂಪಿಸಿದ ಇಂಥದೊಂದು ಜೋಡಿ ರಕ್ತದ ಆಲ್ಬುಮಿನ್‌ಗೆ ಬಿಗಿಯಾಗಿ ಅಂಟಿಕೊಂಡು ರಕ್ತನಾಳಗಳಲ್ಲೇ ಬಹಳ ಹೊತ್ತು ಉಳಿಯಿತು. ಅದನ್ನು ಹೃದಯದ ರಕ್ತನಾಳಗಳ ಚಿತ್ರಣಕ್ಕೆ ಪ್ರಯೋಗಿಸಿ ನೋಡಿದರು.

ಇಂದು ಆಸ್ಪತ್ರೆಗಳಲ್ಲಿ ಯಕೃತ್ತಿನ ಎಂಆರ್‌ಐಗೆ ಬಳಕೆಯಲ್ಲಿರುವ ಗ್ಯಾಡೊಲಿನಿಯಂ ಮದ್ದು ಗ್ಯಾಡೊಕ್ಸೆಟೇಟ್‌ನಲ್ಲಿ ಪಿತ್ತಾಮ್ಲವಿಲ್ಲ. ಅದು ಪಕ್ಕದ ಬಾಗಿಲು, ಓಎಟಿಪಿ ಎಂಬ ಪ್ರೋಟೀನುಗಳ ಮೂಲಕ ಕೋಶ ಸೇರುತ್ತದೆ. ಸುಮಾರು ಅರ್ಧ ಪಿತ್ತದಲ್ಲಿ, ಉಳಿದರ್ಧ ಮೂತ್ರದಲ್ಲಿ ಹೊರಹೋಗುತ್ತದೆ. ಚುಚ್ಚುಮದ್ದು ಕೊಟ್ಟು ಸುಮಾರು 20 ನಿಮಿಷಕ್ಕೆ ಆರೋಗ್ಯವಂತ ಯಕೃತ್ತು ಬೆಳ್ಳಗೆ ಹೊಳೆಯುತ್ತದೆ. ಬೇರೆ ಅಂಗದಿಂದ ಹರಡಿ ಬಂದ ಕ್ಯಾನ್ಸರ್ ಗಡ್ಡೆಯಲ್ಲಿ ಸಾಮಾನ್ಯವಾಗಿ ಈ ಬಾಗಿಲುಗಳೇ ಇರುವುದಿಲ್ಲ. ಅದು ಕಪ್ಪಾಗಿ ಕಾಣುತ್ತದೆ.

ಸಿರೋಸಿಸ್ ಮುಂದುವರಿದಾಗ ಇಡೀ ಯಕೃತ್ತೇ ಮಂಕಾಗಿ, ಗಡ್ಡೆ ಹುಡುಕುವುದು ಕಷ್ಟವಾಗುತ್ತದೆ. ಆದರೆ ಆ ಮಂಕೂ ಯಕೃತ್ತಿನ ದುಡಿಮೆಯ ಒಂದು ಅಳತೆಯೇ. ಈ ದುಡಿಮೆಯನ್ನು ಅಳೆಯಲು ಡೆನ್ಮಾರ್ಕಿನ ಆರ್ಹಸ್‌ನ ಸಂಶೋಧಕರು ಪಿತ್ತಾಮ್ಲವನ್ನೇ ಹೋಲುವ, ವಿಕಿರಣ ಸೂಸುವ ಇಂಗಾಲ-11 ಸೇರಿಸಿದ ಕೋಲಿಲ್‌ಸಾರ್ಕೊಸೀನ್ ಬಳಸಿ, ರಕ್ತದಿಂದ ಪಿತ್ತಕ್ಕೆ ಅದು ಸಾಗುವ ವೇಗವನ್ನು ಪೆಟ್ ಸ್ಕ್ಯಾನಿನಲ್ಲಿ ಅಳೆದಿದ್ದಾರೆ. ಯಕೃತ್ತಿನ ಒಂದು ಭಾಗವನ್ನು ಕತ್ತರಿಸುವ ಮೊದಲು ಶಸ್ತ್ರವೈದ್ಯರಿಗೆ ಬೇಕಾದ ಉತ್ತರವೂ ಇಂಥದೇ: ಉಳಿಯುವ ಭಾಗ ಎಷ್ಟು ದೊಡ್ಡದು ಎಂಬುದಷ್ಟೇ ಸಾಲದು, ಅದು ಎಷ್ಟು ದುಡಿಯಬಲ್ಲದು ಎಂಬುದೂ ಗೊತ್ತಿರಬೇಕು.