ಹಾರ್ಮೋನ್ ವಂಕಿ ತೆಗೆಸಿದ ಮೇಲೆ ಮಗು: ಎಷ್ಟು ದಿನ ಕಾಯಬೇಕು?

ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ವಂಕಿ ಎಂದರೆ ಹೆಚ್ಚಿನವರಿಗೆ ಕಾಪರ್-ಟಿ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಹಾಕುವ, ತಾಮ್ರದ ತಂತಿ ಸುತ್ತಿದ ವಂಕಿ ಅದು. ಇನ್ನೊಂದು ಬಗೆಯದೂ ಇದೆ. ನೋಡಲು ಅದೇ ಟಿ ಆಕಾರ, ಆದರೆ ತಾಮ್ರದ ಜಾಗದಲ್ಲಿ ಹಾರ್ಮೋನ್ ತುಂಬಿದ ಪುಟ್ಟ ಕೊಳವೆ. ಮಿರೇನಾ, ಎಮಿಲಿ ಎಂಬ ಹೆಸರುಗಳಲ್ಲಿ ಬರುತ್ತದೆ. ಇದನ್ನು ಸಾಮಾನ್ಯವಾಗಿ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಂಡಿರುತ್ತಾರೆ. ಮಕ್ಕಳ ನಡುವೆ ಅಂತರ ಬೇಕೆಂದು ಕೆಲವರು, ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತದೆಂದು ಕೆಲವರು.

ಈಗ ಮಗು ಬೇಕು, ವಂಕಿ ತೆಗೆಸಬೇಕು ಎಂದಾಗ ಮನೆಯಲ್ಲಿ ಮಾತು ಶುರುವಾಗುತ್ತದೆ. "ಇಷ್ಟು ವರ್ಷ ಮುಟ್ಟೇ ಸರಿಯಾಗಿ ಆಗಿಲ್ಲ, ಗರ್ಭ ಒಣಗಿ ಹೋಗಿರುತ್ತೆ" ಎನ್ನುವವರಿದ್ದಾರೆ. ರಕ್ತ ಒಳಗೇ ಕಟ್ಟಿಕೊಂಡಿದೆ ಎಂದು ಹೆದರಿಸುವವರೂ ಇದ್ದಾರೆ. ಎರಡೂ ನಿಜವಲ್ಲ.

ವಂಕಿಯ ಕೆಲಸ ಹೇಗೆಂದು ತಿಳಿದರೆ ಈ ಭಯ ಹೋಗುತ್ತದೆ. ಮಿರೇನಾದಲ್ಲಿ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಇರುತ್ತದೆ. ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೊಗ್ರಾಂನಷ್ಟು ಹೊರಬರುತ್ತದೆ. ಒಂದು ಮೈಕ್ರೊಗ್ರಾಂ ಎಂದರೆ ಮಿಲಿಗ್ರಾಂನ ಸಾವಿರದಲ್ಲೊಂದು ಭಾಗ. ಇದರ ಪ್ರಭಾವ ಹೆಚ್ಚಾಗಿ ಗರ್ಭಕೋಶದೊಳಗೇ. ಗರ್ಭಕೋಶದ ಬಾಯಿಯ ಲೋಳೆ ಗಟ್ಟಿಯಾಗಿ ವೀರ್ಯಾಣು ಒಳಹೋಗದಂತೆ ತಡೆಯುತ್ತದೆ. ಒಳಪದರ ತೆಳ್ಳಗಾಗುತ್ತದೆ. ಕಳಚಿ ಬೀಳುವ ಪದರವೇ ಬೆಳೆಯದಿದ್ದಾಗ ಮುಟ್ಟೂ ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಅಂಡಾಶಯ ಮಾತ್ರ ಹೆಚ್ಚಿನವರಲ್ಲಿ ತನ್ನ ಪಾಡಿಗೆ ಅಂಡ ಬಿಡುತ್ತಲೇ ಇರುತ್ತದೆ.

ತೆಗೆಯುವುದು ಒಂದೆರಡು ನಿಮಿಷದ ಕೆಲಸ. ವಂಕಿಯ ತುದಿಯಿಂದ ಎರಡು ತೆಳು ದಾರಗಳು ಗರ್ಭಕೋಶದ ಬಾಯಿಯಾಚೆ ಇಳಿಬಿದ್ದಿರುತ್ತವೆ. ವೈದ್ಯರು ಅವನ್ನು ಚಿಮಟದಂಥ ಸಾಧನದಿಂದ ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಟಿ ಆಕಾರದ ಎರಡು ತೋಳುಗಳೂ ಮಡಚಿಕೊಂಡು ವಂಕಿ ಹೊರಬರುತ್ತದೆ. ಆ ಕ್ಷಣಕ್ಕೆ ಕಿಬ್ಬೊಟ್ಟೆ ಹಿಡಿದಂತಾಗಬಹುದು, ಒಂದೆರಡು ದಿನ ಸ್ವಲ್ಪ ರಕ್ತ ಕಾಣಬಹುದು. ದಾರ ಕಾಣದಿದ್ದರೆ ಸ್ಕ್ಯಾನ್ ಮಾಡಿ ವಂಕಿ ಎಲ್ಲಿದೆಯೆಂದು ನೋಡುತ್ತಾರೆ. ನೀವೇ ಎಳೆದುಕೊಳ್ಳಲು ಹೋಗಬೇಡಿ.

ಆಮೇಲೆ ಎಷ್ಟು ದಿನ? ಹಾರ್ಮೋನ್ ಕೆಲವೇ ದಿನಗಳಲ್ಲಿ ದೇಹದಿಂದ ಹೋಗುತ್ತದೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಮುಟ್ಟು ಬರುತ್ತದೆ. ಮುಟ್ಟು ಬರುವುದಕ್ಕೆ ಮೊದಲೇ ಅಂಡ ಬಿಡುಗಡೆಯಾಗಬಹುದು, ಹಾಗಾಗಿ ತೆಗೆಸಿದ ತಿಂಗಳಲ್ಲೇ ಬಸಿರಾದವರೂ ಇದ್ದಾರೆ. ಒಂದು ಮುಟ್ಟು ಕಳೆಯಲಿ ಎಂದು ಕಾಯಲೇಬೇಕಿಲ್ಲ. ಕಾದರೆ ದಿನ ಲೆಕ್ಕ ಹಾಕುವುದು ಸುಲಭ, ಅಷ್ಟೆ. ಮಗು ಬೇಕೆಂದು ತೆಗೆಸಿದ ಹತ್ತು ಹೆಂಗಸರಲ್ಲಿ ಸುಮಾರು ಎಂಟು ಮಂದಿ ಒಂದು ವರ್ಷದೊಳಗೆ ಬಸಿರಾಗುತ್ತಾರೆ. ವಂಕಿ ಹಾಕಿಸಿಕೊಳ್ಳದವರ ಲೆಕ್ಕವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. "ನಮ್ಮ ಅಕ್ಕನಿಗೆ ಹತ್ತು ತಿಂಗಳಾದರೂ ಆಗಲಿಲ್ಲ" ಎಂದು ಯಾರಾದರೂ ಹೇಳಿದರೆ, ಅವರು ಬಳಸಿದ್ದು ಯಾವುದೆಂದು ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದು ಆಗಿದ್ದರೆ, ಕೊನೆಯ ಚುಚ್ಚುಮದ್ದಿನ ನಂತರ 7ರಿಂದ 10 ತಿಂಗಳು ತಡವಾಗುವುದು ಸಹಜ. ಅದರ ಲೆಕ್ಕವನ್ನು ವಂಕಿಗೆ ಹಾಕಬೇಡಿ. 'ಗರ್ಭ ಶುದ್ಧಿ'ಗೆಂದು ನಾಟಿ ಔಷಧಿಯೂ ಬೇಡ. ವಂಕಿ ಒಳಗೆ ಕೊಳೆ ಬಿಟ್ಟು ಹೋಗುವುದಿಲ್ಲ.

ಆದರೆ ಅತಿ ರಕ್ತಸ್ರಾವಕ್ಕೆಂದು ವಂಕಿ ಹಾಕಿಸಿಕೊಂಡಿದ್ದವರು ತೆಗೆಸುವಾಗಲೇ ಮಾತಾಡಿ. ಗರ್ಭಕೋಶದ ಗಡ್ಡೆಯಂಥ ಕಾರಣವಿದ್ದರೆ ತೊಂದರೆ ಮರಳಬಹುದು, ಬಸಿರಿಗೂ ಅಡ್ಡಿಯಾಗಬಹುದು. ಹಳೆಯ ಸ್ಕ್ಯಾನ್ ವರದಿ ಜೊತೆಗಿರಲಿ.

ತೆಗೆಸುವ ಒಂದು ತಿಂಗಳ ಮೊದಲೇ ಫೋಲಿಕ್ ಆಸಿಡ್ ಮಾತ್ರೆ ಶುರುಮಾಡಿ. ಮಗುವಿನ ಮಿದುಳು, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ನಾಲ್ಕು ವಾರದಲ್ಲಿ, ಆಗ ಎಷ್ಟೋ ಜನರಿಗೆ ಬಸಿರೆಂದೇ ಗೊತ್ತಿರುವುದಿಲ್ಲ. ದಿನಕ್ಕೆ ಬೇಕಾದ್ದು 400 ಮೈಕ್ರೊಗ್ರಾಂ. ಮೆಡಿಕಲ್ ಶಾಪಿನಲ್ಲಿ 5 ಮಿಲಿಗ್ರಾಂನದೂ ಸಿಗುತ್ತದೆ. ಅದು ವೈದ್ಯರು ಬರೆದುಕೊಟ್ಟರೆ ಮಾತ್ರ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಪರೀಕ್ಷೆ ಅದೇ ಸಲ ಮಾಡಿಸಿ. ಮೂರ್ಛೆರೋಗಕ್ಕೋ ಬಿಪಿಗೋ ಮಾತ್ರೆ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸಬೇಡಿ. ಮೊದಲು ವೈದ್ಯರನ್ನು ಕೇಳಿ.

ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಬಿಡುಗಡೆಯಾಗುತ್ತದೆ. ಅದರ ಹಿಂದಿನ ಐದು ದಿನ ಮತ್ತು ಆ ದಿನ ಬಸಿರಾಗುವ ಸಾಧ್ಯತೆ ಹೆಚ್ಚು. ಲೆಕ್ಕ ತಲೆನೋವೆನಿಸಿದರೆ ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು. ನಮ್ಮ ಕಡೆ ಅದಿರು ಲಾರಿ ಓಡಿಸುವವರು ವಾರಗಟ್ಟಲೆ ಊರಲ್ಲಿರುವುದಿಲ್ಲ. ಹಂಪಿಯ ಸೀಸನ್ನಿನಲ್ಲಿ ಹೋಟೆಲ್ ಕೆಲಸದವರಿಗೆ ಹಗಲು ರಾತ್ರಿ ಬಿಡುವಿಲ್ಲ. ಹೊಸ ಸೊಸೆ ಆಷಾಢಕ್ಕೆ ತವರಿಗೆ ಹೋಗಿರುತ್ತಾಳೆ. ಇಂಥ ತಿಂಗಳುಗಳನ್ನು 'ಆಗಲಿಲ್ಲ' ಎಂಬ ಲೆಕ್ಕಕ್ಕೆ ಸೇರಿಸಿ ಹೆಣ್ಣಿನ ಮನಸ್ಸು ಕುಗ್ಗಿಸುವುದು ಅನ್ಯಾಯ.

ಜೊತೆಗಿದ್ದು ಪ್ರಯತ್ನಿಸಿದರೂ ಒಂದು ವರ್ಷ ಬಸಿರಾಗದಿದ್ದರೆ ವೈದ್ಯರನ್ನು ಕಾಣಿ. ವಯಸ್ಸು 35 ದಾಟಿದ್ದರೆ ಆರು ತಿಂಗಳು ಸಾಕು. ತೆಗೆಸಿ ಮೂರು ತಿಂಗಳಾದರೂ ಮುಟ್ಟೇ ಬಾರದಿದ್ದರೆ ಇನ್ನೂ ಬೇಗ ಹೋಗಿ. ಇಬ್ಬರೂ ಹೋಗಿ. ಗಂಡನ ವೀರ್ಯ ಪರೀಕ್ಷೆ ಮೊದಲು ಮಾಡಿಸಬೇಕಾದ, ನೋವಿಲ್ಲದ, ಖರ್ಚು ಕಡಿಮೆಯ ಪರೀಕ್ಷೆ. ತೋರಣಗಲ್ಲಿನ ಕುಲುಮೆಯ ಕಾವಿನ ಹತ್ತಿರ ಕೆಲಸ ಮಾಡುವವರು, ಗುಟ್ಕಾ, ಬೀಡಿ ಅಭ್ಯಾಸವಿರುವವರು ಅದನ್ನೂ ಹೇಳಿ.

ಎಲ್ಲಿಗೆ ಹೋಗಬೇಕು? ಹೊಸಪೇಟೆ, ಸಂಡೂರು, ಕಂಪ್ಲಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ವಿಚಾರಿಸಿ. ವಂಕಿ ತೆಗೆಯುವುದು ಕುಟುಂಬ ಯೋಜನೆಯ ಉಚಿತ ಸೇವೆಯ ಭಾಗ. ಹಾಕಿಸಿದ್ದು ಖಾಸಗಿಯಲ್ಲಿ ಎಂದು ಸಂಕೋಚ ಬೇಡ, ಆಗ ಕೊಟ್ಟ ಚೀಟಿ ತೆಗೆದುಕೊಂಡು ಹೋಗಿ. ದೊಡ್ಡ ತಪಾಸಣೆ ಬೇಕಾದರೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಬರೆದುಕೊಡುತ್ತಾರೆ.

ದಿನ ತಪ್ಪಿದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯ ಹತ್ತಿರ 'ನಿಶ್ಚಯ್' ಕಿಟ್ ಕೇಳಿ. ಬೆಳಗಿನ ಮೂತ್ರದ ಎರಡು ಹನಿ ಹಾಕಿದರೆ ಕೆಲವೇ ನಿಮಿಷದಲ್ಲಿ ತಿಳಿಯುತ್ತದೆ, ಎರಡು ಗೆರೆ ಬಂದರೆ ಬಸಿರು. ಒಂದೇ ಕಡೆ ತೀವ್ರ ಹೊಟ್ಟೆನೋವು, ರಕ್ತಸ್ರಾವ, ತಲೆಸುತ್ತು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಹಾಗೇನೂ ಇಲ್ಲದಿದ್ದರೆ ಅದೇ ವಾರ ಹೆಸರು ಬರೆಸಿ, ತಾಯಿ ಕಾರ್ಡ್ ಮಾಡಿಸಿಕೊಳ್ಳಿ.