ಬಸ್ಸು ಎಲ್ಲಿದೆಯೆಂದು ತಂಗುದಾಣಕ್ಕೂ ಗೊತ್ತಿರಲಿ

ಬೆಂಗಳೂರಿನ ಮಾಗಡಿ ರಸ್ತೆ ಮೆಟ್ರೊ ನಿಲ್ದಾಣ ಬಿನ್ನಿಪೇಟೆಗೆ ಅಂಟಿಕೊಂಡೇ ಇದೆ. 2015ರ ನವೆಂಬರಿನಲ್ಲಿ ಮೈಸೂರು ರಸ್ತೆಯಿಂದ ಇಲ್ಲಿಯವರೆಗೆ ರೈಲು ಓಡಾಟ ಶುರುವಾಯಿತು. 2016ರ ಏಪ್ರಿಲ್ ಕೊನೆಗೆ ಸುರಂಗ ಮಾರ್ಗ ತೆರೆದ ಮೇಲೆ ಮೆಜೆಸ್ಟಿಕ್ ದಾಟಿ ಬೈಯಪ್ಪನಹಳ್ಳಿವರೆಗೂ ಹೋಗುವಂತಾಯಿತು. ಇಲ್ಲಿನ ಪ್ಲಾಟ್‌ಫಾರಂನಲ್ಲಿ ತಲೆಯೆತ್ತಿದರೆ ಸಾಕು, ಮುಂದಿನ ರೈಲು ಎಲ್ಲಿಗೆ, ಇನ್ನೆಷ್ಟು ನಿಮಿಷಕ್ಕೆ ಎಂದು ಫಲಕ ಹೇಳುತ್ತದೆ. ಅದೇ ನಿಲ್ದಾಣದ ಮೆಟ್ಟಿಲಿಳಿದು ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಬ್ಯಾಡರಹಳ್ಳಿ, ತಾವರೆಕೆರೆ ಕಡೆಯ ಬಸ್ಸಿಗೆ ನಿಂತವರು ಪಕ್ಕದವರನ್ನೇ ಕೇಳಬೇಕು. "ಅಣ್ಣಾ, ತಾವರೆಕೆರೆ ಗಾಡಿ ಹೋಯ್ತಾ?" ಎಂದರೆ "ಈಗ್ತಾನೆ ಹೋಯ್ತು" ಅನ್ನುವವರೂ ಉಂಟು, "ನಾನೂ ಅರ್ಧ ಗಂಟೆಯಿಂದ ನಿಂತಿದೀನಿ" ಅನ್ನುವವರೂ ಉಂಟು. ಇಲ್ಲಿ ಲೆಕ್ಕ ತಲೆಕೆಳಗಾಗಿದೆ. ದಟ್ಟಣೆಯ ಹೊತ್ತಿನಲ್ಲಿ ಕೆಲವೇ ನಿಮಿಷಕ್ಕೊಂದರಂತೆ, ಸಿಗ್ನಲ್ಲು, ಗುಂಡಿ, ಮೆರವಣಿಗೆಗಳ ಕಾಟವಿಲ್ಲದೆ ಓಡುವ ರೈಲಿಗೆ ಫಲಕ ಇರದಿದ್ದರೂ ಯಾರೂ ಕಂಗಾಲಾಗುತ್ತಿರಲಿಲ್ಲ. ಯಾವಾಗ ಬರುತ್ತದೆಂದು ಡ್ರೈವರಿಗೇ ಗ್ಯಾರಂಟಿ ಇಲ್ಲದ ಬಸ್ಸಿಗಾಗಿ ಕಾಯುವವರಿಗೇ ಆ ಫಲಕ ಬೇಕಿರುವುದು. ಬಸ್ಸಿನ ನಿಖರ ಮಾಹಿತಿ ಮೊಬೈಲಿನೊಳಗೆ ಇದ್ದರೆ ಸಾಲದು, ರಸ್ತೆಬದಿಯ ಸಾಮಾನ್ಯ ತಂಗುದಾಣದಲ್ಲಿ ಕಣ್ಣಿಗೆ ಕಾಣುವಂತಿರಬೇಕು ಎಂಬುದು ಈ ಲೇಖನದ ವಾದ.

ಬಸ್ಸಿಗೆ ಕಾಯುವುದರ ಗಣಿತವನ್ನು ಮೊದಲು ನೋಡೋಣ. ಒಂದು ಮಾರ್ಗದಲ್ಲಿ ಗಂಟೆಗೆ ಆರು ಬಸ್ಸು ಎಂದಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೊಂದರಂತೆ ಸಮನಾಗಿ ಬಂದರೆ, ಯಾವಾಗೆಂದರೆ ಆವಾಗ ಬಂದು ನಿಲ್ಲುವ ಪ್ರಯಾಣಿಕ ಸರಾಸರಿ ಐದು ನಿಮಿಷ ಕಾಯುತ್ತಾನೆ. ಅದೇ ಆರು ಬಸ್ಸುಗಳಲ್ಲಿ ಐದು, ಐದೈದು ನಿಮಿಷದ ಅಂತರದಲ್ಲಿ ಒಂದರ ಹಿಂದೊಂದು ಬಂದು, ಆರನೆಯದು 35 ನಿಮಿಷ ಬಿಟ್ಟು ಬಂದರೆ? ಗಂಟೆಗೆ ಆರು ಎಂಬ ಕಡತದ ಲೆಕ್ಕ ಹಾಗೇ ಇರುತ್ತದೆ, ಸರಾಸರಿ ಕಾಯುವಿಕೆ ಮಾತ್ರ ಹನ್ನೊಂದು ನಿಮಿಷ ದಾಟುತ್ತದೆ. ಕಾರಣ ಸರಳ: ಆ 35 ನಿಮಿಷದ ಖಾಲಿ ಅವಧಿಯಲ್ಲೇ ಹೆಚ್ಚು ಜನ ಬಂದು ಸೇರುತ್ತಾರೆ. ನಿಮಿಷಕ್ಕೊಬ್ಬರಂತೆ ಬರುವ ಅರವತ್ತು ಮಂದಿಯಲ್ಲಿ 35 ಮಂದಿಯ ಪಾಲಿಗೆ ಆ ಮಾರ್ಗ ಎಂದರೆ ಆ ಖಾಲಿ ಅವಧಿಯೇ. "ನಾನು ಬಂದಾಗಲೇ ಬಸ್ಸಿರಲ್ಲ" ಎಂದು ಗೊಣಗುವವರ ಹಣೆಬರಹವನ್ನು ದೂರಬೇಕಾಗಿಲ್ಲ, ಗಣಿತವೇ ಅವರ ಪರವಾಗಿದೆ. ತಡವಾದ ಬಸ್ಸಿಗೆ ಪ್ರತಿ ಸ್ಟಾಪಿನಲ್ಲೂ ಹೆಚ್ಚು ಜನ ಹತ್ತುವುದರಿಂದ ಅದು ಇನ್ನೂ ತಡವಾಗುತ್ತದೆ. ಹಿಂದಿನದು ಖಾಲಿಯಾಗಿ ಓಡಿಬಂದು ಅದನ್ನು ಹಿಡಿಯುತ್ತದೆ. ಎರಡು ಮೂರು ಬಸ್ಸು ಸಾಲಾಗಿ ಬರುವ, ಎಲ್ಲರಿಗೂ ಪರಿಚಯವಿರುವ ದೃಶ್ಯಕ್ಕೆ ಯಾರ ಸೋಮಾರಿತನವೂ ಬೇಕಿಲ್ಲ, ಟ್ರಾಫಿಕ್ಕೊಂದೇ ಸಾಕು.

ಇಂಥ ಕಡೆ ಗೋಡೆಗೆ ಅಂಟಿಸಿದ ವೇಳಾಪಟ್ಟಿ ಕೆಲಸಕ್ಕೆ ಬಾರದು. ಹಿಂದೆ ಪರಿಸ್ಥಿತಿ ಸ್ವಲ್ಪ ಬೇರೆಯಿತ್ತು. ಈ ಬಡಾವಣೆಗೆ ಹೆಸರು ಕೊಟ್ಟ ಬಿನ್ನಿ ಮಿಲ್ಲು, ಅಂದರೆ 1884ರಲ್ಲಿ ಆರಂಭವಾದ ಬೆಂಗಳೂರು ಉಣ್ಣೆ, ಹತ್ತಿ, ರೇಷ್ಮೆ ಗಿರಣಿ ನಡೆಯುತ್ತಿದ್ದಷ್ಟು ಕಾಲ ಸಾವಿರಾರು ಕೈಗಳು ಪಾಳಿಯ ಪ್ರಕಾರ ಒಟ್ಟಿಗೆ ಒಳಹೋಗಿ ಒಟ್ಟಿಗೆ ಹೊರಬರುತ್ತಿದ್ದವು. ಹೀಗೆ ಹೊರಡುವ ಹೊತ್ತು ಗೊತ್ತಿರುವ ಜನಕ್ಕೆ ಬಸ್ಸು ಹೊಂದಿಸುವುದು ಕಷ್ಟವಲ್ಲ. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು ಎದ್ದಿವೆ. ಮನೆಗೆಲಸದವರು, ಸೆಕ್ಯುರಿಟಿಯವರು, ಅಂಗಡಿ ಹುಡುಗರು, ಆಸ್ಪತ್ರೆ ಆಯಾಗಳು ದಿನದ ಯಾವುದೋ ಹೊತ್ತಿಗೆ ಹೊರಡುತ್ತಾರೆ. ಇವರಿಗೆ ಬೇಕಾದದ್ದು ತಿಂಗಳ ವೇಳಾಪಟ್ಟಿಯಲ್ಲ, ಈ ಕ್ಷಣದ ಸುದ್ದಿ.

ಆ ಸುದ್ದಿಯನ್ನು ಹುಟ್ಟಿಸುವ ಯಂತ್ರಾಂಗ ಬೆಂಗಳೂರಿನಲ್ಲಿ ಇಲ್ಲವೆಂದಲ್ಲ. ಬಿಎಂಟಿಸಿ 2016ರಲ್ಲೇ ತನ್ನ ಬಸ್ಸುಗಳಿಗೆ ಜಿಪಿಎಸ್ ಅಳವಡಿಸಿ, ನಿಯಂತ್ರಣ ಕೊಠಡಿಯೊಂದನ್ನು ಕಟ್ಟಿ, ಇಂಟೆಲಿಜೆಂಟ್ ಟ್ರಾನ್ಸ್‌ಪೋರ್ಟ್ ಸಿಸ್ಟಮ್ ಶುರುಮಾಡಿತು. 2023ರ ಸೆಪ್ಟೆಂಬರಿನಲ್ಲಿ 'ನಮ್ಮ ಬಿಎಂಟಿಸಿ' ಆ್ಯಪ್ ಬಂತು. ಇದು ನಡೆಯುವುದು ಹೀಗೆ: ಬಸ್ಸಿನಲ್ಲಿರುವ ಡಬ್ಬಿ ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗ ಕಂಡುಕೊಂಡು, ಒಳಗಿನ ಸಿಮ್ ಮೂಲಕ ಕೆಲವು ಸೆಕೆಂಡಿಗೊಮ್ಮೆ ಕೇಂದ್ರಕ್ಕೆ ತಿಳಿಸುತ್ತದೆ. ಅಲ್ಲಿನ ಕಂಪ್ಯೂಟರು ಆ ಜಾಗವನ್ನು ಮಾರ್ಗದ ನಕ್ಷೆಗೆ ಕೂಡಿಸಿ, ಇದೇ ಹೊತ್ತಿನಲ್ಲಿ ಹಿಂದೆಲ್ಲ ಎಷ್ಟು ಸಮಯ ಹಿಡಿದಿತ್ತು, ಈಗಿನ ವೇಗ ಎಷ್ಟು ಎಂದು ನೋಡಿ, ಮುಂದಿನ ಸ್ಟಾಪುಗಳಿಗೆ ಯಾವಾಗ ಬಂದೀತೆಂದು ಅಂದಾಜು ಕಟ್ಟುತ್ತದೆ. ಎಲ್ಲರೂ ಉಪಗ್ರಹದ ಬಗ್ಗೆಯೇ ಮಾತಾಡುತ್ತಾರೆ, ಆದರೆ ಇಡೀ ವ್ಯವಸ್ಥೆಯ ಗಂಟಲು ಇರುವುದು ಡಿಪೋದಲ್ಲಿ. ಇಂದು ಯಾವ ಗಾಡಿ ಯಾವ ಶೆಡ್ಯೂಲಿಗೆ ಹೊರಟಿದೆ ಎಂಬುದನ್ನು ಬೆಳಗಿನ ಜಾವ ಅಲ್ಲಿ ಸರಿಯಾಗಿ ದಾಖಲಿಸಿದರಷ್ಟೇ ಮಿಕ್ಕಿದ್ದೆಲ್ಲ ಸರಿ. ಗಾಡಿ ಕೆಟ್ಟು ಬೇರೆಯದನ್ನು ಕಳಿಸಿ ದಾಖಲೆ ತಿದ್ದದೇ ಬಿಟ್ಟರೆ, ಗ್ಯಾರೇಜಿನಲ್ಲಿ ಮಲಗಿರುವ ಬಸ್ಸು ಪರದೆಯ ಮೇಲೆ 'ಬರುತ್ತಿದೆ' ಎಂದೇ ಇರುತ್ತದೆ, ನಿಜವಾಗಿ ಬರುತ್ತಿರುವುದಕ್ಕೆ ಹೆಸರೇ ಇರುವುದಿಲ್ಲ. ಟ್ರಿಪ್ ರದ್ದಾದದ್ದನ್ನು ತಿಳಿಸದಿದ್ದರೂ ಅಷ್ಟೆ.

ಕರ್ನಾಟಕಕ್ಕೆ ಇದೆಲ್ಲ ಹೊಸದೂ ಅಲ್ಲ. ಬೆಂಗಳೂರಿಗಿಂತ ಮೊದಲೇ, 2012ರಲ್ಲಿ, ಮೈಸೂರು ನಗರ ಸಾರಿಗೆಯಲ್ಲಿ ಕೆಎಸ್‌ಆರ್‌ಟಿಸಿ 'ಮಿತ್ರ' ಎಂಬ ಹೆಸರಿನಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆ ತಂದಿತ್ತು. ಸುಮಾರು 500 ಬಸ್ಸು, ನೂರಕ್ಕೂ ಮಿಕ್ಕ ತಂಗುದಾಣಗಳು ಅದರ ವ್ಯಾಪ್ತಿಯಲ್ಲಿದ್ದವು. ಮುಖ್ಯವಾದದ್ದೆಂದರೆ, ಆ ಯೋಜನೆಯಲ್ಲಿ ಫಲಕಗಳನ್ನು ದೊಡ್ಡ ಬಸ್ ನಿಲ್ದಾಣಕ್ಕಷ್ಟೇ ಮೀಸಲಿಡದೆ ರಸ್ತೆಬದಿಯ ತಂಗುದಾಣಕ್ಕೂ ಕೊಂಡೊಯ್ದರು. ಹುಬ್ಬಳ್ಳಿ-ಧಾರವಾಡದ 'ಚಿಗರಿ' ಬಸ್ಸುಗಳಿಗೂ ನಿಲ್ದಾಣದಲ್ಲೇ ಮಾಹಿತಿ ಫಲಕ ಯೋಜನೆಯ ಭಾಗವಾಗಿತ್ತು. ಅಲ್ಲಿ ಪ್ರತ್ಯೇಕ ಪಥ ಇರುವುದರಿಂದ ಅಂದಾಜು ಕಟ್ಟುವುದೂ ಸುಲಭ. ಮೈಸೂರು ಮಾಡಿದ್ದನ್ನು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ರಾಜಧಾನಿ ತನ್ನ ಮಾಮೂಲಿ ತಂಗುದಾಣಗಳಲ್ಲಿ ಮಾಡದೇ ಇರುವುದಕ್ಕೆ ತಂತ್ರಜ್ಞಾನದ ಕೊರತೆಯನ್ನು ನೆಪ ಮಾಡುವಂತಿಲ್ಲ.

ಫಲಕ ಹಾಕಿದ ಮಾತ್ರಕ್ಕೆ ಬಸ್ಸು ಬೇಗ ಬರುತ್ತದೆಯೇ? ಬರುವುದಿಲ್ಲ. ಬದಲಾಗುವುದು ಕಾಯುವವರ ಸ್ಥಿತಿ. ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ಟ್ರಾಮ್ ನಿಲ್ದಾಣಗಳಿಗೆ ಇಂಥ ಫಲಕ ಹಾಕುವ ಮೊದಲು ಮತ್ತು ಆಮೇಲೆ ಜನರನ್ನು ಕೇಳಿದಾಗ, ಅವರ ಮನಸ್ಸಿಗೆ ತೋರುವ ಕಾಯುವ ಸಮಯ ಸುಮಾರು ಶೇಕಡಾ 20ರಷ್ಟು ಇಳಿದಿತ್ತು. 2006ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಮೆರಿಕದ ಸಿಯಾಟಲ್‌ನಲ್ಲಿ 2011ರ ಅಧ್ಯಯನ ಇನ್ನೊಂದು ಸಂಗತಿ ಕಂಡಿತು: ಮಾಹಿತಿ ಇಲ್ಲದವರು ನಿಜವಾಗಿ ಕಾದದ್ದಕ್ಕಿಂತ ಹೆಚ್ಚು ಕಾದೆವೆಂದು ಭಾವಿಸುತ್ತಾರೆ, ಇದ್ದವರಲ್ಲಿ ಆ ಅಂತರ ಉಳಿಯುವುದಿಲ್ಲ. ನ್ಯೂಯಾರ್ಕಿನಲ್ಲಿ ಬಸ್ಸುಗಳ ನಿಖರ ಮಾಹಿತಿ ಬಂದ ಮೇಲೆ ವಾರದ ದಿನಗಳ ಪ್ರಯಾಣಿಕರ ಸಂಖ್ಯೆ ಮಾರ್ಗವೊಂದಕ್ಕೆ ಸರಾಸರಿ ಶೇಕಡಾ 2ಕ್ಕೂ ಕಡಿಮೆಯಷ್ಟೇ ಏರಿತು. ಚಿಲ್ಲರೆ ಏರಿಕೆ ಅನ್ನಿಸಬಹುದು, ಆದರೆ ಒಂದೇ ಒಂದು ಹೊಸ ಬಸ್ಸನ್ನೂ ಕೊಳ್ಳದೆ ಬಂದ ಏರಿಕೆ ಅದು. ಈ ಊರುಗಳಲ್ಲಿ ಶಿಸ್ತು ಹೆಚ್ಚು, ನಮಗೆ ಅದೇ ಅಂಕಿ ಅನ್ವಯಿಸದು ಎನ್ನುವುದು ಸರಿಯಾದ ಮಾತೇ. ಆದರೆ ಅನಿಶ್ಚಿತತೆ ಹೆಚ್ಚಿರುವಲ್ಲಿ ಮಾಹಿತಿಯ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಇನ್ನು 25 ನಿಮಿಷ ಬಸ್ಸಿಲ್ಲ ಎಂದು ಗೊತ್ತಾದ ಹೆಂಗಸು ಪಕ್ಕದ ಅಂಗಡಿಯಲ್ಲಿ ತರಕಾರಿ ತಗೊಂಡು ಬರಬಹುದು, ಮೆಟ್ರೊ ಹತ್ತಬಹುದು, ಮುಂದಿನ ಸ್ಟಾಪಿನವರೆಗೆ ನಡೆಯಬಹುದು, ರಾತ್ರಿಯಾಗಿದ್ದರೆ ಮನೆಯವರನ್ನು ಕರೆಸಿಕೊಳ್ಳಬಹುದು. ಗೊತ್ತಿಲ್ಲದಿದ್ದರೆ, ತಿರುಗಿದ ಕ್ಷಣಕ್ಕೇ ಬಸ್ಸು ಬಂದುಬಿಟ್ಟರೆ ಎಂಬ ಭಯದಲ್ಲಿ ನಿಂತಲ್ಲೇ ನಿಂತಿರಬೇಕು.

ಇದಕ್ಕೆ ಥಟ್ಟನೆ ಬರುವ ಉತ್ತರ: ಎಲ್ಲರ ಕೈಲೂ ಮೊಬೈಲಿದೆ, ಆ್ಯಪ್ ಇದೆ, ಇನ್ನು ಫಲಕಕ್ಕೇಕೆ ದುಡ್ಡು? ಮನೆಯಿಂದ ಹೊರಡುವ ಮೊದಲು ನೋಡಲು ಆ್ಯಪ್‌ನಷ್ಟು ಒಳ್ಳೆಯದು ಬೇರೊಂದಿಲ್ಲ, ಒಪ್ಪೋಣ. ಆದರೆ ಬಿಎಂಟಿಸಿ ಬಸ್ಸುಗಳಲ್ಲಿ ಹೋಗುವವರು ಯಾರೆಂದು ನೋಡಿ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ 'ಶಕ್ತಿ' ಯೋಜನೆ ಬಂದ ಮೇಲೆ ಹೆಂಗಸರ ಓಡಾಟ ಕಣ್ಣಿಗೆ ಕಾಣುವಷ್ಟು ಹೆಚ್ಚಿದೆ. ಅವರಲ್ಲಿ ಕೀಪ್ಯಾಡ್ ಫೋನಿನವರಿದ್ದಾರೆ, ಸ್ಮಾರ್ಟ್‌ಫೋನನ್ನು ಮನೆಯಲ್ಲಿ ಮಕ್ಕಳಿಗೆ ಬಿಟ್ಟು ಬಂದವರಿದ್ದಾರೆ, ಡೇಟಾ ಮುಗಿದವರಿದ್ದಾರೆ, ಚಿಕ್ಕ ಅಕ್ಷರ ಕಾಣದ ವಯಸ್ಸಾದವರಿದ್ದಾರೆ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ, ಮೇಲೆ ಮಳೆ ಇರುವಾಗ ಆ್ಯಪ್ ತೆರೆದು ಸ್ಟಾಪಿನ ಹೆಸರು ಹುಡುಕಿ ಎನ್ನುವುದು ಕಚೇರಿಯಲ್ಲಿ ಕೂತವರ ಸಲಹೆ. ಅಷ್ಟಕ್ಕೂ ಫಲಕ ಮತ್ತು ಆ್ಯಪ್ ಎರಡಕ್ಕೂ ಹರಿಯುವುದು ಒಂದೇ ಮಾಹಿತಿ. ಒಂದಕ್ಕೆ ಮಾಡಿದ ಖರ್ಚಿನ ಬಹುಪಾಲು ಇನ್ನೊಂದಕ್ಕೂ ಸಲ್ಲುತ್ತದೆ. ಕಣ್ಣು ಕಾಣದವರಿಗಂತೂ ಫಲಕವೂ ಸಾಲದು, ಧ್ವನಿ ಬೇಕು. ಆ ದಾರಿಯಲ್ಲೂ ಮೈಸೂರೇ ಮುಂದೆ: ಬಂದ ಬಸ್ಸು ಯಾವುದೆಂದು ದೃಷ್ಟಿದೋಷವುಳ್ಳವರಿಗೆ ಕೂಗಿ ಹೇಳುವ 'ಧ್ವನಿ ಸ್ಪಂದನ' ಎಂಬ ಸಾಧನವನ್ನು ಅಲ್ಲಿನ ನಗರ ಬಸ್ಸುಗಳಿಗೆ ಅಳವಡಿಸಿದ್ದಾರೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಈ ಟ್ರಾಫಿಕ್ಕಿನಲ್ಲಿ ಅಂದಾಜು ಸುಳ್ಳಾಗುತ್ತದೆ, ಸುಳ್ಳು ಹೇಳುವ ಫಲಕಕ್ಕಿಂತ ಫಲಕವಿಲ್ಲದಿರುವುದೇ ಮೇಲು ಎನ್ನುತ್ತಾರೆ. ಕೊನೆಯ ಅರ್ಧ ಸಂಪೂರ್ಣ ನಿಜ. ಎರಡು ಬಾರಿ ಮೋಸ ಹೋದವನು ಮೂರನೆಯ ಬಾರಿ ಅತ್ತ ನೋಡುವುದಿಲ್ಲ. ಆದರೆ ಮೊದಲರ್ಧ ದೂರವನ್ನು ಅವಲಂಬಿಸಿದೆ. ಸುಂಕದಕಟ್ಟೆಯಲ್ಲಿರುವ ಬಸ್ಸು ಬಿನ್ನಿಪೇಟೆಗೆ ಎಷ್ಟೊತ್ತಿಗೆ ಬಂದೀತೆಂದು ಹೇಳುವುದು ಕಷ್ಟ, ಹತ್ತಿರದ ಟೋಲ್‌ಗೇಟ್ ದಾಟಿದ ಬಸ್ಸಿನ ಬಗ್ಗೆ ಹೇಳುವುದು ಅಷ್ಟು ಕಷ್ಟವಲ್ಲ. ದೂರದ ಬಸ್ಸಿಗೆ ನಿಮಿಷದ ಬದಲು 'ಕಾಮಾಕ್ಷಿಪಾಳ್ಯದಲ್ಲಿದೆ' ಎಂದು ಜಾಗ ಹೇಳಿದರೆ ಸಾಕು. ದಿನಾ ಓಡಾಡುವವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ, ಕಂಪ್ಯೂಟರಿಗಿಂತ ಚೆನ್ನಾಗಿಯೇ ಹಾಕುತ್ತಾರೆ. ಜಿಪಿಎಸ್ ಮೌನವಾದ ಬಸ್ಸಿನ ಮುಂದೆ ವೇಳಾಪಟ್ಟಿಯ ಸಮಯವನ್ನೇ ನಿಜವೆಂಬಂತೆ ತೋರಿಸದೆ 'ಮಾಹಿತಿ ಇಲ್ಲ' ಎಂದು ಹೇಳಬೇಕು. ಜನ ತಡವನ್ನು ಸಹಿಸುತ್ತಾರೆ, ಬರುತ್ತದೆಂದು ನಂಬಿಸಿ ಮಾಯವಾದ ಬಸ್ಸನ್ನು ಸಹಿಸುವುದಿಲ್ಲ.

ಮೊದಲು ಬಸ್ಸು ಹೆಚ್ಚಿಸಿ, ಫಲಕ ಆಮೇಲೆ ನೋಡೋಣ ಎನ್ನುವವರೂ ಇದ್ದಾರೆ. ಬಸ್ಸು ಹೆಚ್ಚಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಲೆಯಲ್ಲಿ ಬಸ್ಸಿಗೂ ಫಲಕಕ್ಕೂ ಹೋಲಿಕೆಯೇ ಇಲ್ಲ, ಒಂದಕ್ಕೆ ಹಾಕಿದ ದುಡ್ಡು ಇನ್ನೊಂದನ್ನು ನಿಲ್ಲಿಸುವಷ್ಟಲ್ಲ. ಹೊಸ ಬಸ್ಸು ಬಂದು ಅದೂ ಹಳೆಯದರ ಬೆನ್ನಿಗಂಟಿ ಬಂದರೆ ಪ್ರಯೋಜನವೂ ಅರ್ಧ. ಎಲ್ಲ ಸ್ಟಾಪಿಗೂ ಫಲಕ ಹಾಕಬೇಕೆಂಬ ಹಟವೂ ಬೇಡ. 1992ರಲ್ಲೇ 'ಕೌಂಟ್‌ಡೌನ್' ಹೆಸರಿನ ಫಲಕಗಳ ಪ್ರಯೋಗ ಶುರುಮಾಡಿದ ಲಂಡನ್ನಿನಲ್ಲೂ ಸುಮಾರು 19,000 ಸ್ಟಾಪುಗಳ ಪೈಕಿ ಎರಡೂವರೆ ಸಾವಿರದಷ್ಟು ಕಡೆ ಮಾತ್ರ ಹಾಕಿದರು. ಉಳಿದ ಕಡೆ ಸ್ಟಾಪಿಗೊಂದು ಸಂಖ್ಯೆ ಕೊಟ್ಟು, ಎಸ್‌ಎಂಎಸ್ ಕಳಿಸಿದರೆ ಉತ್ತರ ಬರುವಂತೆ ಮಾಡಿದರು. ಕೀಪ್ಯಾಡ್ ಫೋನಿಗೂ ಇದು ನಡೆಯುತ್ತದೆ. ನಮ್ಮಲ್ಲಿ ಫಲಕ ಮೊದಲು ಬರಬೇಕಾದದ್ದು ಬಸ್ಸು-ಮೆಟ್ರೊ ಸೇರುವ ಕಡೆ, ಆಸ್ಪತ್ರೆಗಳ ಮುಂದೆ, ಹಲವು ಮಾರ್ಗ ಕೂಡುವ ಮೈಸೂರು ರಸ್ತೆ, ವಿಜಯನಗರ, ಮಾಗಡಿ ರಸ್ತೆಯಂಥ ತಾಣಗಳಲ್ಲಿ.

ಇಷ್ಟಾದರೂ ಯಾಕೆ ಆಗಿಲ್ಲ ಎಂದರೆ, ಬಸ್ಸು ಬಿಎಂಟಿಸಿಯದು, ತಂಗುದಾಣ ಪಾಲಿಕೆಯದು. ತಂಗುದಾಣ ಕಟ್ಟುವವರು ಜಾಹೀರಾತಿನ ಆದಾಯ ನೋಡಿಕೊಂಡು ಬರುವ ಗುತ್ತಿಗೆದಾರರು. ಹಾಗಾಗಿ ಚಿನ್ನದಂಗಡಿಯ ಜಾಹೀರಾತಿಗೆ ರಾತ್ರಿಯಿಡೀ ಬೆಳಗುವ ಕರೆಂಟು ಸಿಗುತ್ತದೆ, ಬಸ್ಸಿನ ಸುದ್ದಿಗೆ ಸಿಗುವುದಿಲ್ಲ. ಕಳ್ಳತನ, ಕರೆಂಟು, ದುರಸ್ತಿಯ ತಾಪತ್ರಯ ಎಂಬ ಮಾತು ಈ ಹೊಳೆಯುವ ಜಾಹೀರಾತಿನ ಮುಂದೆ ನಿಲ್ಲುವುದಿಲ್ಲ. ಸಾರಿಗೆ ಸಂಸ್ಥೆಗಳನ್ನೆಲ್ಲ ಒಂದೆಡೆ ಕೂರಿಸಲೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾನೂನು ಬಂದಿದೆ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳಿವೆ. ಈ ಪಾಲಿಕೆಗಳು ತಂಗುದಾಣಗಳಿಗೆ ಟೆಂಡರ್ ಕರೆಯುವಾಗ ಎರಡು ಷರತ್ತು ಸೇರಿಸಲಿ: ಜಾಹೀರಾತು ಬೆಳಗುವ ಕಡೆಯಲ್ಲೆಲ್ಲ ಬಿಎಂಟಿಸಿ ಮಾಹಿತಿಯ ಕನ್ನಡ ಫಲಕ ಕಡ್ಡಾಯ, ಫಲಕ ಕೆಟ್ಟು ನಿಂತ ದಿನಗಳಿಗೆ ಗುತ್ತಿಗೆದಾರನ ಜಾಹೀರಾತು ಹಕ್ಕಿನಲ್ಲಿ ಕಡಿತ. ವೋಟು ಕೇಳಲು ಬರುವ ಅಭ್ಯರ್ಥಿಗಳ ಮುಂದೆ ಬಸ್ಸಿನಲ್ಲಿ ಓಡಾಡುವವರು ಇದನ್ನೇ ಕೇಳಬೇಕು.