ಕಂಕುಳಿಗೆ ಕತ್ತರಿ ಎಲ್ಲರಿಗೂ ಬೇಕೆ?

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಪನ್ನೀರ್ ದ್ರಾಕ್ಷಿ ಹಬ್ಬುವುದು ಚಪ್ಪರದ ಮೇಲೆ. ಗೊನೆ ಕೊಯ್ಯುವ ಹೆಂಗಸು ಕೈ ಮೇಲೆತ್ತಿಯೇ ಕೆಲಸ ಮಾಡಬೇಕು. ಕನ್ನಡ ಮನೆಮಾತಿನ ಒಕ್ಕಲಿಗರು ತಲೆಮಾರುಗಳಿಂದ ನೆಲೆಸಿರುವ ಈ ತೇನಿ, ದಿಂಡಿಗಲ್ ಸೀಮೆಯಲ್ಲಿ ಸ್ತನ ಕ್ಯಾನ್ಸರ್ ಎಂದರೆ ತೋಳಿನ ಚಿಂತೆಯೂ ಹೌದು. ಕಂಕುಳಿನ ದುಗ್ಧರಸ ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ತೋಳು ಬಾತುಕೊಳ್ಳುತ್ತದೆ. ಆದರೂ 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ ರೂಢಿಗೆ ತಂದ ಈ ಕ್ರಮ ಸುಮಾರು ನೂರು ವರ್ಷ ನಡೆದುಬಂತು. ಕ್ಯಾನ್ಸರ್ ಗ್ರಂಥಿಗೆ ಇಳಿದಿದೆಯೇ ಎಂದು ತಿಳಿಯಲು ಬೇರೆ ದಾರಿಯೇ ಇರಲಿಲ್ಲ. 1993ರಲ್ಲಿ ಶಸ್ತ್ರವೈದ್ಯ ಕ್ರಾಗ್ ವಿಕಿರಣ ದ್ರವ್ಯದಿಂದ, 1994ರಲ್ಲಿ ಶಸ್ತ್ರವೈದ್ಯ ಜೂಲಿಯಾನೊ ನೀಲಿ ಬಣ್ಣದಿಂದ, ಕ್ಯಾನ್ಸರ್ ಮೊದಲು ತಲುಪುವ ಕಾವಲು ಗ್ರಂಥಿಯನ್ನು ಗುರುತಿಸಿ, ಅದನ್ನಷ್ಟೇ ತೆಗೆದು ನೋಡಿದರೆ ಸಾಕೆಂದು ತೋರಿಸಿದರು. ಬಾವು ತಗ್ಗಿತು, ಕತ್ತರಿ ಮಾತ್ರ ಉಳಿಯಿತು.

ಅದನ್ನೂ ಬಿಡಬಹುದೆಂಬ ಧೈರ್ಯ ಕೊಟ್ಟದ್ದು ಹೊಸ ಯಂತ್ರವಲ್ಲ, ಹಳೆಯ ಅಲ್ಟ್ರಾಸೌಂಡ್. ಆರೋಗ್ಯವಂತ ಗ್ರಂಥಿ ಪರದೆಯಲ್ಲಿ ಅವರೆಕಾಳಿನ ಹಾಗೆ ಕಾಣುತ್ತದೆ: ನಡುವೆ ಬಿಳಿಯ ಕೊಬ್ಬು, ಸುತ್ತ ತೆಳುವಾದ ಕಪ್ಪು ಅಂಚು. ಅಂಚು 3 ಮಿ.ಮೀ.ಗಿಂತ ದಪ್ಪವಾದರೆ, ಕೊಬ್ಬು ಮಾಯವಾದರೆ, ಗ್ರಂಥಿ ದುಂಡಗಾದರೆ ಅನುಮಾನ. ಆಗ ಸೂಜಿ ಪರೀಕ್ಷೆ. 2023ರಲ್ಲಿ ಪ್ರಕಟವಾದ 'ಸೌಂಡ್' ಪ್ರಯೋಗದಲ್ಲಿ 2 ಸೆಂ.ಮೀ.ವರೆಗಿನ ಗಡ್ಡೆಯಿದ್ದು, ಅಲ್ಟ್ರಾಸೌಂಡ್‌ನಲ್ಲಿ ಕಂಕುಳು ಶುದ್ಧವೆಂದು ಕಂಡ 1,405 ಮಹಿಳೆಯರಿದ್ದರು. ಐದು ವರ್ಷಗಳ ಬಳಿಕ ರೋಗ ದೂರದ ಅಂಗಗಳಿಗೆ ಹಬ್ಬದೆ ಬದುಕಿದ್ದವರು ಕಾವಲು ಗ್ರಂಥಿ ತೆಗೆಸಿಕೊಂಡವರಲ್ಲಿ ಶೇ 97.7, ಕಂಕುಳು ಮುಟ್ಟಿಸಿಕೊಳ್ಳದವರಲ್ಲಿ ಶೇ 98. ಗ್ರಂಥಿ ತೆಗೆಸಿಕೊಂಡವರ ಪೈಕಿ ಶೇ 13.7 ಮಂದಿಯ ಗ್ರಂಥಿಯಲ್ಲಿ ಕ್ಯಾನ್ಸರ್ ಇತ್ತು. ಅಂದರೆ ಸ್ಕ್ಯಾನಿಂಗ್ ಅದನ್ನು ಕಂಡಿರಲಿಲ್ಲ, ಆದರೂ ಎರಡು ಗುಂಪಿನ ಫಲ ಬೇರೆಯಾಗಲಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇದೇ. ಚಿತ್ರ ಎಲ್ಲವನ್ನೂ ಕಾಣಬೇಕಿಲ್ಲ, ಬದುಕನ್ನು ಬದಲಿಸುವಷ್ಟನ್ನು ಕಂಡರೆ ಸಾಕು. ದುಬಾರಿ ಪೆಟ್ ಸ್ಕ್ಯಾನ್ ಕೂಡ ಕೆಲವೇ ಮಿ.ಮೀ. ಗಾತ್ರದ ಕ್ಯಾನ್ಸರ್ ಕಣಗಳ ಗುಚ್ಛವನ್ನು ಕಾಣದೆ ಬಿಡುತ್ತದೆ.

ಆಕ್ಷೇಪಗಳು ಹುರುಳಿಲ್ಲದವಲ್ಲ. ಆ ಪ್ರಯೋಗದಲ್ಲಿದ್ದವರ ವಯಸ್ಸಿನ ಮಧ್ಯಾಂಕ 60, ಗಡ್ಡೆ ಹೆಚ್ಚಿನವರಲ್ಲಿ ಪುಟ್ಟದು. ನಮ್ಮಲ್ಲಿ ಅನೇಕರು ಗಡ್ಡೆ ಬಲಿತ ಮೇಲೆ ಬರುತ್ತಾರೆ, ಅವರಿಗೆ ಈ ಲೆಕ್ಕ ಅನ್ವಯಿಸದು. ಕಿರಿಯ ವಯಸ್ಸಿನವರಲ್ಲಿ ಗ್ರಂಥಿಯ ಸ್ಥಿತಿಯೇ ಔಷಧಿಯನ್ನು ನಿರ್ಧರಿಸಬಹುದು. ಅಲ್ಟ್ರಾಸೌಂಡ್ ನೋಡುವವರ ಕೈಚಳಕಕ್ಕೆ ತಕ್ಕಂತೆ ಫಲ ಕೊಡುತ್ತದೆ ಎಂಬುದೂ ನಿಜ. ಆದರೆ ಇದು ತರಬೇತಿ ಕೊಡಲು ಕಾರಣವೇ ಹೊರತು ಎಲ್ಲರಿಗೂ ಕತ್ತರಿ ಹಾಕಲು ಅಲ್ಲ. ವಿಕಿರಣ ದ್ರವ್ಯ ಬೇಡುವ ವಿಧಾನ ಎಲ್ಲ ಊರಿಗೂ ಬರಲಾರದು. ಅಲ್ಟ್ರಾಸೌಂಡ್ ಜಿಲ್ಲಾ ಕೇಂದ್ರಗಳಿಗೆ ಎಂದೋ ಬಂದಿದೆ. ಚಿಕ್ಕ ಗಡ್ಡೆ ಇರುವವರು ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು, ಕಂಕುಳಿನ ಅಲ್ಟ್ರಾಸೌಂಡ್ ಆಗಿದೆಯೇ, ಅದರಲ್ಲಿ ಏನು ಕಂಡಿತು ಎಂದು ವೈದ್ಯರನ್ನು ಕೇಳಿ.